ತಮ್ಮನ ಎಂಎಸ್‌ಗೆ ಮನೆ ಅಡವಿಡಲು ಅಪ್ಪ ಹೊರಟಿದ್ದಾರೆ. ಹೇಗೆ ಮಾತಾಡಲಿ?

ಕಟಪಾಡಿ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಒಂದು ಮನೆ, 22 ಸೆಂಟ್ಸ್ ಜಾಗ, ಅಪ್ಪನ ಪಿಂಚಣಿ. ನಮಗಿರುವುದು ಇಷ್ಟೇ. ತಮ್ಮ ಅಮೆರಿಕಕ್ಕೆ ಹೋಗಿ ಎಂಎಸ್, ಅಂದರೆ ಸ್ನಾತಕೋತ್ತರ ಪದವಿ, ಮಾಡಲೇಬೇಕು ಎಂದು ಅಪ್ಪ ಹಠ ಹಿಡಿದಿದ್ದಾರೆ. ಅದೂ ಡೇಟಾ ಸೈನ್ಸ್‌ನಲ್ಲಿ. ಕನ್ಸಲ್ಟೆನ್ಸಿಯವರು ಎಂಟು ಕಾಲೇಜುಗಳ ಪಟ್ಟಿ ಕೊಟ್ಟಿದ್ದಾರೆ, ಎರಡು ವರ್ಷಕ್ಕೆ ಎಲ್ಲ ಸೇರಿ 50 ಲಕ್ಷ ಅಂದಿದ್ದಾರೆ. ಅಪ್ಪ ಆಗಲೇ ಮನೆಯ ಕಾಗದಪತ್ರ ಹೊರಗೆ ತೆಗೆದಿಟ್ಟಿದ್ದಾರೆ.

ತಮ್ಮನ ಮನಸ್ಸು ಇರುವುದು ಹಡಗಿನ ಮೇಲೆ. ನಮ್ಮ ಮಾವ ಮಲ್ಪೆಯಲ್ಲಿ ಮೀನುಗಾರಿಕೆ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು. ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆ ಎಳೆದು ರಿಪೇರಿ ಮಾಡುವಾಗ ಇವನು ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದ. ಎಂಜಿನ್ ಬಿಚ್ಚುವುದನ್ನು ನೋಡುತ್ತಾ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಈಗಲೂ ಅವನ ಪುಸ್ತಕದ ಅಂಚಿನಲ್ಲೆಲ್ಲಾ ಪ್ರೊಪೆಲ್ಲರ್ ಚಿತ್ರ. ಆದರೆ ಅಪ್ಪನ ಎದುರು ಒಂದು ಮಾತಿಲ್ಲ. "ಅಪ್ಪ ಹೇಳಿದ ಹಾಗೆ ಆಗಲಿ" ಅನ್ನುತ್ತಾನೆ. ರಾತ್ರಿ ಎರಡಕ್ಕೆ ನೋಡಿದರೆ ಅವನ ಕೋಣೆಯಲ್ಲಿ ಬೆಳಕು ಇರುತ್ತದೆ.

ನನ್ನ ಅಪ್ಪ ಕೆಟ್ಟವರಲ್ಲ. ಅವರಿಗೆ ಈ ಆಸೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಮೂವತ್ತು ವರ್ಷ ಕೌಂಟರ್‌ನ ಹಿಂದೆ ಕೂತು ಹೊರದೇಶದಲ್ಲಿರುವ ಬೇರೆಯವರ ಎನ್‌ಆರ್‌ಇ ಖಾತೆಗೆ ಹಣ ಬರುವುದನ್ನು ನೋಡಿದ್ದಾರೆ. ಊರಿಗೆ ಬಂದ ಮಕ್ಕಳು ತಂದೆಯನ್ನು ಕಾರಿನಲ್ಲಿ ಬ್ಯಾಂಕಿಗೆ ಕರೆತರುವುದನ್ನು ನೋಡಿದ್ದಾರೆ. ಆ ಹಣ ಅಲ್ಲಿ ಹೇಗೆ ಹುಟ್ಟಿತು, ಆ ಮಕ್ಕಳು ಅಲ್ಲಿ ಹೇಗಿದ್ದಾರೆ ಎಂಬುದು ಕೌಂಟರ್‌ನಿಂದ ಕಾಣುವುದಿಲ್ಲ. ಮದುವೆ ಹಾಲ್‌ನಲ್ಲಿ ಯಾರಾದರೂ "ಮಗ ಎಲ್ಲಿದ್ದಾನೆ?" ಎಂದು ಕೇಳಿದಾಗ ಹೇಳಲು ಅಪ್ಪನಿಗೂ ಒಂದು ಉತ್ತರ ಬೇಕು. ಆ ಆಸೆಗೆ ನಾನು ಬೈಯುವುದಿಲ್ಲ. ಆದರೆ ಒಂದು ಉತ್ತರಕ್ಕಾಗಿ ಮನೆ ಅಡವಿಡುವುದಾ?

ಅಪ್ಪನಿಗೆ ನೋವಾಗದ ಹಾಗೆ ಈ ಮಾತು ಎತ್ತುವುದು ಹೇಗೆ? ಹೋಗಿ ಬಂದವರು, ಮಕ್ಕಳನ್ನು ಕಳಿಸಿದವರು ಇದ್ದರೆ ಹೇಳಿ.

ಬಿಜೈ, ಹೋಗಿ ಬಂದವನು

ಅಕ್ಕ, ನಾನು 2017ರಲ್ಲಿ ಹೋದೆ, 2019ರಲ್ಲಿ ಎಂಎಸ್ ಮುಗಿಸಿದೆ, 2022ರಲ್ಲಿ ವಾಪಸ್ ಬಂದೆ. ನನ್ನ ಅಪ್ಪನೂ ಮನೆಯನ್ನೇ ಅಡವಿಟ್ಟಿದ್ದರು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದು ಹೇಳುತ್ತೇನೆ, ಯಾಕೆಂದರೆ ಅದೂ ನಿಜ. ಅಲ್ಲಿ ಮೊದಲ ವಾರದಲ್ಲೇ ಪ್ರೊಫೆಸರ್ ತರಗತಿಯಲ್ಲಿ "ಇದು ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಅಂದರು. ನಾನು ಅಲ್ಲಿಯವರೆಗೆ ಯಾವ ಮೇಷ್ಟ್ರ ಬಾಯಲ್ಲೂ ಆ ಮಾತು ಕೇಳಿರಲಿಲ್ಲ. ಅವರ ಕೋಣೆಗೆ ಯಾರು ಬೇಕಾದರೂ ಹೋಗಬಹುದಾದ ಸಮಯ ಅಂತ ವಾರದಲ್ಲಿ ಇಷ್ಟು ಗಂಟೆ ಇರುತ್ತದೆ. ಹೋಗಿ ಕೂತು ಪೆದ್ದು ಪ್ರಶ್ನೆ ಕೇಳಿದರೂ ತಾಳ್ಮೆಯಿಂದ ಉತ್ತರ ಕೊಡುತ್ತಾರೆ. ಪ್ರಶ್ನೆ ಕೇಳಲು ನಾನು ಕಲಿತದ್ದು ಅಲ್ಲಿ. ಅದಕ್ಕೆ ನಾನು ಋಣಿ.

ಇನ್ನು ಉಳಿದದ್ದು. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. "ಪಾರ್ಟ್ ಟೈಮ್ ಮಾಡಿ ಫೀಸು ಕಟ್ಟುತ್ತಾನೆ" ಎಂದು ನಮ್ಮ ಊರಲ್ಲಿ ಹೇಳುತ್ತಾರಲ್ಲ, ಅದು ಆಗುವ ಮಾತಲ್ಲ. ನಾನು ಕ್ಯಾಂಪಸ್ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದೆ. ಆ ಕೆಲಸದ ಬಗ್ಗೆ ನನಗೆ ನಾಚಿಕೆ ಇಲ್ಲ. ಆದರೆ ಅದರಿಂದ ದಿನಸಿ ಮತ್ತು ಬಾಡಿಗೆಯ ಒಂದು ಪಾಲು ಹುಟ್ಟುತ್ತಿತ್ತು, ಅಷ್ಟೇ.

ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಅವಕಾಶ ಇದೆ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು. ಒಟ್ಟು ಮೂರು ವರ್ಷ. ಅಷ್ಟರೊಳಗೆ ಎಚ್-1ಬಿ ಅನ್ನುವ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬರಬೇಕು. ನನ್ನ ಕಾಲದಲ್ಲಿ ಲಾಟರಿ ಅಂದರೆ ನಿಜವಾಗಿ ಲಾಟರಿಯೇ ಆಗಿತ್ತು. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಹೆಚ್ಚುವರಿ 20,000. ನನ್ನ ಹೆಸರು ಮೂರು ಸಲ ಹಾಕಿದರು. ಮೂರು ಸಲವೂ ಬರಲಿಲ್ಲ. ಕಂಪನಿಗೆ ನನ್ನ ಕೆಲಸ ಇಷ್ಟ ಇತ್ತು, ಮಾರ್ಕ್ಸ್ ಚೆನ್ನಾಗಿತ್ತು. ಅದು ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಫೋನ್. ನಾನಿದ್ದ ಕಡೆಗೂ ಇಲ್ಲಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಅಮ್ಮ ಬೆಳಗ್ಗೆ ಕಾಫಿ ಕುಡಿಯುತ್ತಾ ಮಾಡುತ್ತಿದ್ದರು, ನನಗೆ ಹಿಂದಿನ ದಿನದ ರಾತ್ರಿ. "ಊಟ ಆಯ್ತಾ ಮಗಾ?" "ಆಯ್ತಮ್ಮ." ಎಷ್ಟೋ ದಿನ ಆಗಿರಲಿಲ್ಲ. ಎರಡನೇ ಸೆಮಿಸ್ಟರ್‌ನಲ್ಲಿ ಒಂದು ವಿಷಯದಲ್ಲಿ ಫೇಲ್ ಆದಾಗ ಹತ್ತು ದಿನ ಹಾಸಿಗೆಯಿಂದ ಏಳಲಿಲ್ಲ. ಆಗಲೂ "ಎಲ್ಲ ಸರಿ ಉಂಟು" ಅಂದೆ. ಮನೆ ಅಡವಿಟ್ಟ ಅಪ್ಪನಿಗೆ ಬೇರೆ ಏನು ಹೇಳಲಿ? ಆ ಕಾಗದ ಬ್ಯಾಂಕಿಗೆ ಹೋದ ದಿನವೇ ನನ್ನ ಬಾಯಿ ಕಟ್ಟಿಹೋಗಿತ್ತು. ನಿಮ್ಮ ತಮ್ಮ ಈಗಲೇ ಮಾತಾಡುತ್ತಿಲ್ಲ ಅಂದಿರಿ. ಹೋದ ಮೇಲೆ ಇನ್ನೂ ಮಾತಾಡುವುದಿಲ್ಲ ಅಕ್ಕ.

ಕುಂದಾಪುರದ ಅಪ್ಪ

ಎಲ್ಲರೂ ಅಪ್ಪಂದಿರನ್ನೇ ಪ್ರಶ್ನೆ ಮಾಡುತ್ತೀರಿ. ನಾನೂ ಒಬ್ಬ ಅಪ್ಪ, ನನ್ನ ಮಾತೂ ಕೇಳಿ.

1979ರಲ್ಲಿ ನನಗೆ 13 ವರ್ಷ. ಬೊಂಬಾಯಿ ಬಸ್ ಹತ್ತಿದೆ. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿ ಓಡಿದ್ದು 1998ರಲ್ಲಿ. ಹೋಟೆಲಿನಲ್ಲಿ ಲೋಟ ತೊಳೆದೆ, ಟೇಬಲ್ ಒರೆಸಿದೆ, ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ನಮ್ಮ ಕಡೆಯವರು ಊರಲ್ಲೇ ಕೂತು ಉದ್ಧಾರ ಆದದ್ದು ಕಡಿಮೆ. ಮೊದಲು ಬೊಂಬಾಯಿ, ಆಮೇಲೆ ದುಬೈ, ಮಸ್ಕತ್. ಗಡಿ ದಾಟಿದವನ ಮನೆಗೆ ಹೆಂಚು ಬಂತು, ತಂಗಿಯಂದಿರ ಮದುವೆ ಆಯಿತು. ಇದು ನನ್ನ ಕಣ್ಣಾರೆ ಕಂಡದ್ದು. ಹಾಗಿರುವಾಗ ಮಕ್ಕಳನ್ನು ದೂರ ಕಳಿಸಬೇಕು ಎಂದು ಅನ್ನಿಸಿದರೆ ಅದು ಬರೀ ಡಂಬಾಚಾರವಾ?

ನನ್ನ ಮಗಳು ಅಮೆರಿಕದಲ್ಲಿ ಓದಿ ಈಗ ಅಲ್ಲೇ ಕೆಲಸದಲ್ಲಿದ್ದಾಳೆ. ಸಾಲ ತೀರಿದೆ. ಅವಳು ಇಲ್ಲೇ ಇದ್ದಿದ್ದರೆ 23ಕ್ಕೆ ಮದುವೆ ಮಾಡಿ ಎಂದು ನಮ್ಮ ನೆಂಟರು ಬಿಡುತ್ತಿರಲಿಲ್ಲ. ಅಲ್ಲಿ ಅವಳಿಗೆ ಅವಳದ್ದೇ ಬದುಕು ಸಿಕ್ಕಿತು. ಅದಕ್ಕೆ ನನಗೆ ಹೆಮ್ಮೆ ಉಂಟು.

ಕಟಪಾಡಿ ಅಕ್ಕ

ಅಣ್ಣ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಅಪ್ಪನೂ ಹೀಗೇ ಹೇಳುತ್ತಾರೆ. ಒಂದೇ ಪ್ರಶ್ನೆ, ತಪ್ಪು ತಿಳಿಯಬೇಡಿ. ಮಗಳಿಗೆ ಹೋಗಲು ಇಷ್ಟ ಇತ್ತಾ?

ಕುಂದಾಪುರದ ಅಪ್ಪ

ಇತ್ತು. ಅವಳೇ ಕಾಲೇಜು ಹುಡುಕಿದ್ದು, ಅರ್ಜಿ ಹಾಕಿದ್ದು, ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗಲು ರೈಲು ಟಿಕೆಟ್ ತೆಗೆದದ್ದೂ ಅವಳೇ. ನಾನು ಸಹಿ ಮಾತ್ರ ಹಾಕಿದೆ. ಮಗನಿಗೆ ಇಷ್ಟ ಇರಲಿಲ್ಲ. ಅವನು ಊರಲ್ಲೇ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದಾನೆ. ಈಗ ನೀವು ಕೇಳಿದ ಮೇಲೆ ಯೋಚನೆ ಬಂತು. ನೆಂಟರ ಮುಂದೆ ಮಗಳ ಹೆಸರು ಹೇಳಿದಷ್ಟು ಸಲ ಮಗನ ಹೆಸರು ಹೇಳಿಲ್ಲ ನಾನು. ಅವನು ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ.

ನಿವೃತ್ತ ಸಾಲ ವಿಭಾಗ, ಉಡುಪಿ

ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ನೋಡುತ್ತಿದ್ದವನು. ಕ್ಯಾಷಿಯರ್ ಅಪ್ಪನಿಗೆ ಭಾವನೆಯ ಮಾತಿಗಿಂತ ಲೆಕ್ಕ ಬೇಗ ತಲೆಗೆ ಹೋಗುತ್ತದೆ. ಈ ಲೆಕ್ಕವನ್ನು ಅವರ ಮುಂದೆ ಇಡಿ.

50 ಲಕ್ಷ ಸಾಲ, ಬಡ್ಡಿ ಶೇ. 10.5 ಅಂತ ಇಟ್ಟುಕೊಳ್ಳಿ. ಓದುವ ಎರಡು ವರ್ಷ ಕಂತು ಕಟ್ಟದಿದ್ದರೆ ಸರಳ ಬಡ್ಡಿಯೇ 10.5 ಲಕ್ಷ. ಅಲ್ಲಿಗೆ ಸಾಲ 60.5 ಲಕ್ಷ ಆಯಿತು. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 81,600 ರೂಪಾಯಿ. ಡಾಲರ್‌ನಲ್ಲಿ ಸಂಬಳ ಬರುವಾಗ ಇದು ದೊಡ್ಡದಲ್ಲ. ಮೂರು ವರ್ಷಕ್ಕೆ ವಾಪಸ್ ಬಂದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿದರೆ? ಆಗ ಕಂತು ಕಟ್ಟುವುದು ಯಾರು? ನಿಮ್ಮ ತಂದೆಯ ಪಿಂಚಣಿ ಎಷ್ಟು ಎಂದು ಅವರೇ ಆ ಕಾಗದದಲ್ಲಿ ಬರೆಯಲಿ.

ಇನ್ನೊಂದು ವಿಷಯ. ಫೀಸು ಡಾಲರ್‌ನಲ್ಲಿ. 2015ರಲ್ಲಿ ಡಾಲರಿಗೆ 65 ರೂಪಾಯಿ ಆಸುಪಾಸು ಇತ್ತು, 2025ರಲ್ಲಿ 85 ದಾಟಿತ್ತು. ಎರಡನೇ ವರ್ಷದ ಫೀಸು ಕಟ್ಟುವ ಹೊತ್ತಿಗೆ ಎಷ್ಟಿರುತ್ತದೆ ಎಂದು ಕನ್ಸಲ್ಟೆನ್ಸಿಯವರು ಪಟ್ಟಿಯಲ್ಲಿ ಬರೆದಿರುವುದಿಲ್ಲ. ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಆಸ್ತಿ ಕೇಳುತ್ತವೆ. ಇರುವುದು ಒಂದೇ ಮನೆ ಅಂದರೆ ನಾನು ಆ ಕಾಲದಲ್ಲೂ ಮನೆಯವರನ್ನು ಎದುರಿಗೆ ಕೂರಿಸಿ ಹುಡುಗನನ್ನೇ ಕೇಳುತ್ತಿದ್ದೆ: "ನಿನಗೆ ಹೋಗಬೇಕಾ?" ಎಷ್ಟೋ ಹುಡುಗರು ಮೊದಲು ಅಪ್ಪನ ಮುಖ ನೋಡುತ್ತಿದ್ದರು, ಆಮೇಲೆ ಹೌದು ಅನ್ನುತ್ತಿದ್ದರು.

ಮೂಡುಬಿದಿರೆ ಟೀಚರ್

ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಕ್ಕಳು ಅಪ್ಪನ ಮುಖ ನೋಡುವುದು ಎಂಜಿನಿಯರಿಂಗ್‌ನಲ್ಲಿ ಶುರುವಾಗುವುದಲ್ಲ. ಎಂಟನೇ ಕ್ಲಾಸಿಗೇ ಶುರು.

ನಮ್ಮ ಎರಡು ಜಿಲ್ಲೆಗಳ ಫಲಿತಾಂಶ ನಿಮಗೆ ಗೊತ್ತೇ ಇದೆ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಶೇ. 97.37 ತೆಗೆದು ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಶೇ. 93.90, ನಾವು ಎರಡನೆಯದು. ಮರುದಿನ ಪೇಪರಿನಲ್ಲಿ ಫೋಟೋಗಳ ಸಾಲು. ನನಗೂ ಖುಷಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಶೇ. 92 ತೆಗೆದ ಹುಡುಗಿ ಸ್ಟಾಫ್ ರೂಮಿಗೆ ಬಂದು "ಮನೆಗೆ ಹೇಗೆ ಹೋಗಲಿ ಮಿಸ್?" ಎಂದು ಅತ್ತದ್ದನ್ನೂ ನೋಡಿದ್ದೇನೆ. ಅವಳ ದೊಡ್ಡಪ್ಪನ ಮಗ ಅಮೆರಿಕದಲ್ಲಿ ಇದ್ದಾನಂತೆ. ಮನೆಯಲ್ಲಿ ದಿನಾ ಅವನದ್ದೇ ಹೋಲಿಕೆ.

ಹೋಲಿಕೆ ಮಾಡುವವರು ಒಂದು ವಿಷಯ ಮರೆಯುತ್ತಾರೆ. ಅಮೆರಿಕದಲ್ಲಿ ಭಾರತೀಯರೆಲ್ಲಾ ಮುಂದೆ ಬಂದಿದ್ದಾರೆ, ಹಾಗಾಗಿ ಅಲ್ಲಿಗೆ ಹೋದರೆ ಮುಂದೆ ಬರುತ್ತಾರೆ ಅನ್ನುತ್ತಾರೆ ಅಲ್ವಾ? 1965ರಲ್ಲಿ ಅಲ್ಲಿನ ವಲಸೆ ಕಾನೂನು ಬದಲಾಯಿತು. ಆಮೇಲೆ ಇಲ್ಲಿಂದ ಹೋದವರಲ್ಲಿ ಡಾಕ್ಟರು, ಎಂಜಿನಿಯರು, ವಿಜ್ಞಾನಿಗಳೇ ಜಾಸ್ತಿ. ಜರಡಿ ಹಿಡಿದು ತೆಗೆದ ಅಕ್ಕಿಯ ಹಾಗೆ. ಆ ಅಕ್ಕಿ ಚೆನ್ನಾಗಿದೆ ಎಂದು ಪಾತ್ರೆಯನ್ನು ಹೊಗಳಿದರೆ ಹೇಗೆ? ಅವರು ಇಲ್ಲಿಂದ ಹೋಗುವಾಗಲೇ ಮುಂದೆ ಇದ್ದವರು.

ಅಕ್ಕ, ತಮ್ಮ ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂದಿರಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟೆಲಿ-ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನಾನೇ ಬರೆದು ಅಂಟಿಸಿದ್ದೇನೆ.

ಸುರತ್ಕಲ್ ಹಾಸ್ಟೆಲ್

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು. ನಾನು ಮೂರನೇ ವರ್ಷ. ನನ್ನ ಮನೆಯಲ್ಲೂ ಅಮೆರಿಕದ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯ ಪುಸ್ತಕ ತಂದಿಟ್ಟಾಗಿದೆ. ಅಪ್ಪ ಒಳ್ಳೆಯವರು ಆಗಿರುವುದೇ ಕಷ್ಟ. ಬೈಯುವ ಅಪ್ಪನಾದರೆ ಜಗಳ ಆಡಬಹುದಿತ್ತು. ನನ್ನ ಅಪ್ಪ ಹೊಸ ಚಪ್ಪಲಿ ತೆಗೆದುಕೊಳ್ಳದೆ ನನಗೆ ಕೋಚಿಂಗ್ ಕೊಡಿಸಿದವರು. ಅವರ ಚಪ್ಪಲಿ ಕಂಡ ಕೂಡಲೇ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ. ನಿಮ್ಮ ತಮ್ಮನೂ ಹಾಗೆಯೇ ಇರಬಹುದು ಅಕ್ಕ. ಅವನ ಪರವಾಗಿ ನೀವು ಹೇಳಬೇಡಿ. ಅವನು ಹೇಳುವಾಗ ನೀವು ಪಕ್ಕದಲ್ಲಿ ಇರಿ, ಸಾಕು.

ಅಲ್ಲೇ ಪಿಎಚ್‌ಡಿ ಮಾಡುತ್ತಿರುವವಳು

ನಾನು ಮಣಿಪಾಲದಲ್ಲಿ ಬಿಟೆಕ್ ಮುಗಿಸಿ ಈಗ ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿ ಯಾರೂ ಹೇಳದ ಒಂದು ಮುಖ್ಯ ಮಾತು ಉಂಟು. ಎಂಎಸ್‌ಗೆ ಹೆಚ್ಚಿನವರು ಕೈಯಿಂದ ದುಡ್ಡು ಹಾಕಬೇಕು. ಆದರೆ ಎಂಜಿನಿಯರಿಂಗ್, ವಿಜ್ಞಾನದ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸು ಇಲ್ಲ. ಪಾಠ ಮಾಡಲು ಸಹಾಯ ಮಾಡಿದ್ದಕ್ಕೋ, ಲ್ಯಾಬ್ ಕೆಲಸಕ್ಕೋ ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ನನ್ನ ಅಮ್ಮ ಇದಕ್ಕಾಗಿ ಒಂದು ಬಳೆಯನ್ನೂ ಅಡವಿಡಲಿಲ್ಲ. ಕಷ್ಟ ಜಾಸ್ತಿ, ಐದಾರು ವರ್ಷ ಹಿಡಿಯುತ್ತದೆ, ವಿಷಯದ ಮೇಲೆ ನಿಜವಾದ ಹುಚ್ಚು ಇರಬೇಕು. ನಿಮ್ಮ ತಮ್ಮನಿಗೆ ಹುಚ್ಚು ಇದೆ. ಆದರೆ ಅದು ಹಡಗಿನ ಹುಚ್ಚು, ಡೇಟಾ ಸೈನ್ಸ್‌ನದ್ದಲ್ಲ.

"ಅಮೆರಿಕದ ಕಾಲೇಜು" ಅಂತ ಒಂದು ವಸ್ತು ಇಲ್ಲ. ಇಲ್ಲಿ ಡಿಗ್ರಿ ಕೊಡುವ ಸಂಸ್ಥೆಗಳು ಸಾವಿರಾರು. ಜಗತ್ತಿನಲ್ಲೇ ಮೇಲಿರುವವೂ ಇವೆ, ಫೀಸಿಗಾಗಿಯೇ ನಡೆಯುವವೂ ಇವೆ. ಇಲ್ಲಿನವರೇ ಓದಿಗಾಗಿ ಮಾಡಿದ ಸಾಲ 1.6 ಲಕ್ಷ ಕೋಟಿ ಡಾಲರ್ ದಾಟಿದೆ. 2023-24ರಲ್ಲಿ ಇಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.31 ಲಕ್ಷ, ಚೀನಾದವರಿಗಿಂತ ಹೆಚ್ಚು. ಅದರಲ್ಲಿ ಎಷ್ಟೋ ಮಂದಿ ಇದೇ ಡೇಟಾ ಸೈನ್ಸ್, ಕಂಪ್ಯೂಟರ್ ಸೈನ್ಸ್ ಓದಿ ಅದೇ ಕೆಲಸಕ್ಕೆ ಸಾಲಿನಲ್ಲಿ ನಿಂತವರು. ಹಡಗಿನ ವಿಷಯಕ್ಕೆ ಬಂದರೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗ ಉಂಟು, ಒಳ್ಳೆಯ ಹೆಸರು. ಕನ್ಸಲ್ಟೆನ್ಸಿಯವರ ಎಂಟರ ಪಟ್ಟಿಯಲ್ಲಿ ಅಂಥದ್ದು ಒಂದಾದರೂ ಇದೆಯಾ, ನೋಡಿ.

ಅದಕ್ಕೂ ಮೊದಲು ಊರಿನ ಹತ್ತಿರವೇ ದಾರಿಗಳಿವೆ. ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ 2022ರಿಂದ ಹಡಗು ವಿನ್ಯಾಸ ಮತ್ತು ಸಾಗರ ಎಂಜಿನಿಯರಿಂಗ್‌ಗೆ ಎನ್‌ಎಂ ಅಂತ ಬೇರೆ ಪೇಪರ್ ಬಂದಿದೆ. ಮದ್ರಾಸ್ ಐಐಟಿಯಲ್ಲಿ ಓಷನ್ ಎಂಜಿನಿಯರಿಂಗ್ ವಿಭಾಗ ಇದೆ, ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಹಡಗು ತಂತ್ರಜ್ಞಾನದ ವಿಭಾಗ ಇದೆ. ಗೇಟ್ ಮೂಲಕ ಐಐಟಿಯಲ್ಲಿ ಎಂಟೆಕ್‌ಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಅಲ್ಲಿ ಎರಡು ವರ್ಷ ಕಲಿತ ಮೇಲೂ ಅಮೆರಿಕ ಬೇಕು ಅನ್ನಿಸಿದರೆ ಪಿಎಚ್‌ಡಿಗೆ ಬರಲಿ. ಆಗ ಸಾಲವಿಲ್ಲದೆ ಬರಬಹುದು.

ಇತ್ತೀಚಿನ ಪರಿಸ್ಥಿತಿಯನ್ನೂ ಹೇಳಬೇಕು. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ದಿನ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಘೋಷಣೆ ಬಂತು. ದೇಶದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಯಿಸುವವರಿಗೆ ಅದು ಇಲ್ಲ ಎಂದು ಆಮೇಲೆ ಸ್ಪಷ್ಟ ಮಾಡಿದರು. ಆದರೆ ಆ ನಡುವಿನ ದಿನಗಳಲ್ಲಿ ನನ್ನ ಲ್ಯಾಬಿನ ಹುಡುಗರ ಮುಖ ನೋಡಬೇಕಿತ್ತು. ಇಬ್ಬರು ಊರಿಗೆ ಬರುವ ಟಿಕೆಟ್ ಕ್ಯಾನ್ಸಲ್ ಮಾಡಿದರು. ಒಬ್ಬನದ್ದು ಸ್ವಂತ ತಂಗಿಯ ಮದುವೆ.

ಕಟಪಾಡಿ ಅಕ್ಕ

ಒಂದು ವಾರ ಆಯಿತು. ಎಲ್ಲರಿಗೂ ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಮಾತು ನಡೆಯುತ್ತಿತ್ತು.

ಮೊದಲು ತಮ್ಮನ ಹತ್ತಿರ ಮಾತಾಡಿದೆ. ಬಿಜೈ ಅಣ್ಣನ ಬರಹವನ್ನು ಅವನಿಗೆ ಓದಲು ಕೊಟ್ಟೆ. ಓದಿ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ "ನಾನೂ ಹೀಗೇ ಆಗ್ತೇನೆ ಅಕ್ಕ" ಅಂದ. ನಿದ್ದೆಯ ವಿಷಯಕ್ಕೆ 14416ಕ್ಕೆ ಅವನೇ ಫೋನ್ ಮಾಡಿದ. ಎರಡು ಸಲ ಮಾತಾಡಿದ್ದಾನೆ. ಟೀಚರ್, ನಿಮಗೆ ತುಂಬಾ ಧನ್ಯವಾದ.

ಶನಿವಾರ ಸಂಜೆ ಅಪ್ಪ ಜಗಲಿಯಲ್ಲಿ ಕೂತಿದ್ದರು. ಉಡುಪಿಯ ಸರ್ ಬರೆದ ಲೆಕ್ಕವನ್ನು ನಾನು ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಟ್ಟೆ. ಅಪ್ಪ ಅದನ್ನು ನಂಬಲಿಲ್ಲ. ಒಳಗೆ ಹೋಗಿ ಕ್ಯಾಲ್ಕ್ಯುಲೇಟರ್ ತಂದು ಅವರೇ ಮತ್ತೆ ಮಾಡಿದರು. 81,600 ಬಂತು. ಕೆಳಗೆ ತಮ್ಮ ಪಿಂಚಣಿ ಬರೆದರು. ಅಮ್ಮ ಬಾಗಿಲ ಹತ್ತಿರ ನಿಂತಿದ್ದರು. ಒಳಗೆ ಹೋಗಿ ಪಿಗ್ಮಿ ಪಾಸ್‌ಬುಕ್ ತಂದು ಆ ಹಾಳೆಯ ಪಕ್ಕ ಇಟ್ಟರು. ಹೂ ಕಟ್ಟಿ ಮಾರಿದ ದುಡ್ಡಿನಲ್ಲಿ ದಿನಾ ಇಷ್ಟಿಷ್ಟು ಕಟ್ಟಿದ್ದರಂತೆ. ನಮಗ್ಯಾರಿಗೂ ಗೊತ್ತಿರಲಿಲ್ಲ. "ಇದು ಅವನ ಓದಿಗೆ. ಅಮೆರಿಕ ಅಂತ ನಾನು ಹೇಳ್ಲಿಲ್ಲ" ಅಂದರು, ಅಷ್ಟೇ.

ಆಗ ತಮ್ಮ ಬಾಯಿ ಬಿಟ್ಟ. ಸುರತ್ಕಲ್ ಹುಡುಗ ಹೇಳಿದ ಹಾಗೆ ನಾನು ಪಕ್ಕದಲ್ಲಿ ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ಅವನು ಹಡಗಿನ ಬಗ್ಗೆ ಹೇಳಿದ. ಮಲ್ಪೆಯ ಯಾರ್ಡಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ಕಟ್ಟುವ ಬಗ್ಗೆ, ಪ್ರೊಪೆಲ್ಲರ್ ಎಲೆಗಳ ಓರೆ ಸ್ವಲ್ಪ ಬದಲಾದರೆ ಡೀಸೆಲ್ ಎಷ್ಟು ಉಳಿಯುತ್ತದೆ ಎಂಬ ಬಗ್ಗೆ. ಡೀಸೆಲ್ ಖರ್ಚಿಗೆ ಮಾವ ಎಷ್ಟು ಒದ್ದಾಡುತ್ತಾರೆ ಎಂದು ಅಪ್ಪನಿಗೂ ಗೊತ್ತು. ಅಪ್ಪ ಕೇಳುತ್ತಾ ಹೋದರು. ಇವನು ಇಷ್ಟು ಮಾತಾಡಿದ್ದನ್ನು ಅವರು ನೋಡಿಯೇ ಇರಲಿಲ್ಲ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಎರಡು ದಿನ ಅಪ್ಪ ಯಾರ ಹತ್ತಿರವೂ ಮಾತಾಡಲಿಲ್ಲ. ಸರಿಯಾಗಿ ಊಟವೂ ಮಾಡಲಿಲ್ಲ. ಕನ್ಸಲ್ಟೆನ್ಸಿಗೆ ಕೊಟ್ಟ 25,000 ಅಡ್ವಾನ್ಸ್ ವಾಪಸ್ ಬರುವುದಿಲ್ಲ. ಮೊನ್ನೆ ಬೆಳಗ್ಗೆ ಕಾಗದಪತ್ರ ಮತ್ತೆ ಕಪಾಟಿಗೆ ಇಟ್ಟರು. "ಎಂಟೆಕ್ ಆದ ಮೇಲೆ ಪಿಎಚ್‌ಡಿಗೆ ಅಮೆರಿಕ ಆಗಬಹುದಲ್ಲ?" ಎಂದು ಕೇಳಿದರು. ಆಗಬಹುದು ಅಪ್ಪ ಅಂದೆ. ನಿನ್ನೆ ತಮ್ಮನಿಗೆ "ಆ ಪರೀಕ್ಷೆಗೆ ಪುಸ್ತಕ ಯಾವುದು?" ಎಂದು ಕೇಳಿದ್ದಾರೆ.

ಕುಂದಾಪುರದ ಅಣ್ಣ, ನೀವು ಮಗನ ಬಗ್ಗೆ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ. ಇನ್ನೊಮ್ಮೆ ಓದು ಅಂದರು.

ಯಾರ ಹತ್ತಿರವಾದರೂ ಗೇಟ್ ಎನ್‌ಎಂ ಹಳೆಯ ಪ್ರಶ್ನೆ ಪತ್ರಿಕೆಗಳ ಪ್ರಿಂಟ್ ಇದ್ದರೆ ತಿಳಿಸಿ. ಜೆರಾಕ್ಸ್ ದುಡ್ಡು ಕೊಡುತ್ತೇನೆ.

ಸುರತ್ಕಲ್ ಹಾಸ್ಟೆಲ್

ನನ್ನ ಸೀನಿಯರ್ ಹತ್ತಿರ 2022ರಿಂದ ಮೂರು ವರ್ಷದ್ದು ಉಂಟು ಅಕ್ಕ. ದುಡ್ಡೆಲ್ಲಾ ಬೇಡ. ಶುಕ್ರವಾರ ಸಂಜೆ ಊರಿಗೆ ಹೋಗುತ್ತಿದ್ದೇನೆ, ನನಗೂ ಈ ಸಲ ಅಪ್ಪನ ಹತ್ತಿರ ಕೂತು ಮಾತಾಡುವುದು ಉಂಟು. ಎಕ್ಸ್‌ಪ್ರೆಸ್ ಬಸ್ಸಿಗೆ ಕಟಪಾಡಿಯಲ್ಲಿ ಸ್ಟಾಪ್ ಇದೆ ಅಲ್ವಾ? ತಮ್ಮನನ್ನು ಆರೂವರೆಗೆ ಅಲ್ಲಿ ನಿಲ್ಲಲು ಹೇಳಿ. ಕಿಟಕಿಯಿಂದಲೇ ಕೊಡುತ್ತೇನೆ.